ನೀರಿನ ಸಾಕ್ಷ್ಯ: ಜಲಪರೀಕ್ಷೆಯ ಚರಿತ್ರೆಯಿಂದ ಕೆಲವು ಪುಟಗಳು

ಠಾಣೆ ಖಾಡಿಯ ಮೂಡಣ ದಡದಲ್ಲಿ, ದಿಘೆಯಿಂದ ಬೇಲಾಪುರದ ಕಡೆಗೆ, ಇಂದು ಒತ್ತಾಗಿ ನಿಂತಿರುವ ಕಾರ್ಖಾನೆಗಳ ಸಾಲು ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು ೧೯೬೨ರಲ್ಲಿ ಸ್ಥಾಪಿತವಾದ ತರುವಾಯ ಬೆಳೆದದ್ದು. ಅದಕ್ಕೆ ಮುನ್ನ ಈ ದಡವು ಆಗ್ರಿ ಮತ್ತು ಕೋಲಿ ಜನರ ಉಪ್ಪಿನ ಮಡಿಗಳ, ಭತ್ತದ ಗದ್ದೆಗಳ, ಮೀನುಬಲೆಗಳ ನೆಲವಾಗಿದ್ದಿತು. ಕನ್ನಡಿಗರು ಮುಂಬಯಿ ಸೀಮೆಗೆ ಬಂದ ಕಥೆಯಲ್ಲಿ ಹೋಟೆಲುಗಳ ಮಾತು, ಬ್ಯಾಂಕುಗಳ ಮಾತು, ರಾತ್ರಿ ಶಾಲೆಗಳ ಮಾತು ಸಾಕಷ್ಟು ಬಂದಿದೆ. ರಸಾಯನಶಾಸ್ತ್ರದಲ್ಲಿ ಪದವಿ ಪಡೆದು ಈ ಸಾಲಿನ ಪ್ರಯೋಗಶಾಲೆಗಳಲ್ಲಿ ಬ್ಯುರೆಟ್ಟು ಹಿಡಿದು ನಿಂತ ನಮ್ಮವರ ಮಾತು ಅಷ್ಟಾಗಿ ಬಂದಿಲ್ಲ. ಪ್ರಕೃತ ಲೇಖನವು ಅವರ ಚರಿತ್ರೆಯಲ್ಲ. ಅವರ ಕೈಯಲ್ಲಿದ್ದ ವಿದ್ಯೆಯ ಚರಿತ್ರೆ.

ಬ್ಯಾಂಕಿನ ಉದ್ಯೋಗದಲ್ಲಿರುವ ಈ ಲೇಖಕನಿಗೆ ಆ ವಿದ್ಯೆಯ ಪರಿಚಯವಾದದ್ದು ಕಾಗದದ ಮೂಲಕ. ಕಾರ್ಖಾನೆಯವರು ಸಾಲ ಕೇಳಿ ಬಂದಾಗ ಅರ್ಜಿಯೊಡನೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಪತ್ರವನ್ನು ಲಗತ್ತಿಸುವುದು ರೂಢಿ. ಆ ಪತ್ರದಲ್ಲಿ ಹೊರಬಿಡುವ ನೀರಿಗೆ ಹಾಕಿದ ಮಿತಿಗಳ ಪಟ್ಟಿಯಿರುತ್ತದೆ: ಬಿ.ಓ.ಡಿ. ಇಷ್ಟು, ಸಿ.ಓ.ಡಿ. ಇಷ್ಟು, ತೇಲುವ ಎಣ್ಣೆ ಇಷ್ಟು. ನಾವು ಪತ್ರದ ತಾರೀಖನ್ನೂ ಮೊಹರನ್ನೂ ನೋಡಿ ಕಡತಕ್ಕೆ ಸೇರಿಸುತ್ತೇವೆ. ಲೆಕ್ಕವನ್ನೇ ಉಣ್ಣುವವನಿಗೆ ಒಂದು ಅಂಕಿಯನ್ನು ಕಂಡೊಡನೆ ಅದರ ಮೂಲ ಕೇಳಬೇಕೆನ್ನಿಸುವುದು ಸಹಜ. ಈ ಇಪ್ಪತ್ತು, ಮೂವತ್ತು, ನೂರು ಎಂಬವು ಎಲ್ಲಿಂದ ಬಂದವು? ಯಾವ ಊರಿನ ನೀರನ್ನು ಕಂಡು ಯಾರು ಗೊತ್ತುಮಾಡಿದರು? ಬೇಲಾಪುರದ ನೀರಿಗೆ ಅವು ಎಷ್ಟರಮಟ್ಟಿಗೆ ಒಪ್ಪುತ್ತವೆ?

ನೀರನ್ನು ಪರೀಕ್ಷಿಸುವ ಮೊದಲ ಉಪಕರಣಗಳು ಮೂಗು ಮತ್ತು ನಾಲಗೆ. ನಮ್ಮ ಮನೆಗಳಲ್ಲಿ ಇನ್ನೂ ಎರಡು ಉಪಕರಣಗಳಿದ್ದುವು: ತೊಗರಿಬೇಳೆ ಮತ್ತು ಸೀಗೆಕಾಯಿ. ಬೇಳೆ ಬೇಯದ, ತಲೆಯ ಜಿಡ್ಡು ಬಿಡಿಸದ ಬಾವಿಯ ನೀರು ಗಡಸೆಂದು ತಿಳಿಯಲು ಯಾವ ಪಂಡಿತನೂ ಬೇಕಾಗಿರಲಿಲ್ಲ. ಕದಡಿದ ನೀರನ್ನು ತಿಳಿಗೊಳಿಸಲು ಮಡಕೆಯ ಒಳಮೈಗೆ ಚಿಲ್ಲದ ಬೀಜವನ್ನು ತೇದು ಹಚ್ಚುತ್ತಿದ್ದರು. ವರಾಹಮಿಹಿರನ ಬೃಹತ್ಸಂಹಿತೆಯ ದಕಾರ್ಗಳಾಧ್ಯಾಯವು ಈ ಬೀಜವನ್ನು ನೆಲ್ಲಿ, ಲಾವಂಚ ಮೊದಲಾದವುಗಳೊಡನೆ ಬಾವಿಗೆ ಹಾಕುವ ವಿಧಾನವನ್ನು ಹೇಳುತ್ತದೆ. ನಮ್ಮ ಹಿರಿಯರ ಗಮನವು ಕೆಟ್ಟ ನೀರನ್ನು ಸರಿಪಡಿಸುವ ಕಡೆಗಿದ್ದಿತು. ಕೆಟ್ಟದ್ದು ಯಾವುದು, ಎಷ್ಟು ಎಂದು ಬೇರ್ಪಡಿಸಿ ಅಳೆಯುವ ಕಡೆಗಲ್ಲ. ಆದರೆ ಅಳೆಯುವ ವಿದ್ಯೆಯ ಬೀಜವು ನಮ್ಮ ಶಾನುಭೋಗರ ಮಸಿಕುಡಿಕೆಯಲ್ಲಿಯೇ ಇದ್ದಿತೆಂಬುದು ಸ್ವಾರಸ್ಯದ ಸಂಗತಿ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರೆಸಿದರೆ ಕಡುಗಪ್ಪು ಮಸಿಯಾಗುತ್ತದೆ. ಅನ್ನಭೇದಿಯೆಂದರೆ ಕಬ್ಬಿಣದ ಲವಣ. ಕಾಯಿಯ ಒಗರಿನೊಡನೆ ಕಬ್ಬಿಣವು ಕೂಡಿದಾಗ ಕಪ್ಪು ಬಣ್ಣ ಹುಟ್ಟುತ್ತದೆ. ರೋಮಿನ ಪ್ಲಿನಿಯು ಮಾಚಿಕಾಯಿಯಂಥ ಗಂಟುಕಾಯಿಯ ರಸದಲ್ಲಿ ನೆನೆಸಿದ ಪೇಪಿರಸ್ ಹಾಳೆಯಿಂದ, ತಾಮ್ರದ ಕಿಲುಬಿಗೆ ಬೆರಕೆ ಮಾಡಿದ ಅನ್ನಭೇದಿಯನ್ನು ಹಿಡಿಯುವ ಕ್ರಮವನ್ನು ಬರೆದಿಟ್ಟನು. ಹದಿನೇಳನೆಯ ಶತಮಾನದಲ್ಲಿ ರಾಬರ್ಟ್ ಬಾಯ್ಲನು ಅದೇ ಕಾಯಿಯ ಅರ್ಕವನ್ನು ಖನಿಜಜಲಗಳಲ್ಲಿ ಕಬ್ಬಿಣವನ್ನು ಪತ್ತೆ ಮಾಡಲು ಬಳಸಿದನು. ಮಸಿ ಎರಡು ಕಡೆಯೂ ಒಂದೇ. ಒಬ್ಬನು ಅದರಿಂದ ಬರೆದನು, ಇನ್ನೊಬ್ಬನು ಅದನ್ನೇ ಓದಿದನು.

ಯೂರೋಪಿನಲ್ಲಿ ಈ ಓದು ಬೆಳೆದದ್ದು ನೀರಿನ ಕೊಳೆಯನ್ನು ಹುಡುಕುವುದಕ್ಕಾಗಿ ಅಲ್ಲ, ಗುಣವನ್ನು ಹುಡುಕುವುದಕ್ಕಾಗಿ. ಸ್ನಾನಪಾನಗಳಿಂದ ರೋಗ ಹೋಗುವುದೆಂದು ಹೆಸರಾದ ಚಿಲುಮೆಗಳ ಮಾಲೀಕರಿಗೆ ತಮ್ಮ ನೀರಿನಲ್ಲಿ ಏನಿದೆಯೆಂದು ಹೇಳಿಸಿಕೊಳ್ಳುವುದು ಬೇಕಾಗಿತ್ತು. ಸ್ವೀಡನ್ನಿನ ಟೋರ್ಬೆರ್ನ್ ಬೆರ್ಗ್‌ಮನ್ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಈ ಪರೀಕ್ಷೆಗಳನ್ನು ಕ್ರಮಗೊಳಿಸಿದನು. ೧೮೪೧ರಲ್ಲಿ ಅಬರ್ಡೀನಿನ ಥಾಮಸ್ ಕ್ಲಾರ್ಕನು ಸಾಬೂನಿನ ದ್ರಾವಣವನ್ನು ಅಳತೆಮಾಡಿ ಹಾಕುತ್ತ, ನೊರೆ ನಿಲ್ಲುವ ತನಕ ಎಷ್ಟು ಹಿಡಿಯಿತೆಂಬುದರಿಂದ ಗಡಸುತನಕ್ಕೆ ಅಂಕಿ ಕೊಟ್ಟನು. ನಮ್ಮ ಅಜ್ಜಿಯರ ಪರೀಕ್ಷೆಗೆ ಅಳತೆಪಟ್ಟಿ ಬಂದದ್ದು ಹೀಗೆ.

ಕೊಳೆಯ ಪ್ರಶ್ನೆ ಬಂದದ್ದು ಕಾಲರಾ ಬಂದಾಗ. ಲಂಡನ್ನಿನ ಥೇಮ್ಸ್ ನದಿಗೆ ಊರಿನ ಚರಂಡಿಗಳು ಬೀಳುತ್ತಿದ್ದುವು; ಅದೇ ನದಿಯಿಂದ ಖಾಸಗಿ ಕಂಪೆನಿಗಳು ಕುಡಿಯುವ ನೀರನ್ನು ಮಾರುತ್ತಿದ್ದುವು. ನೀರು ಒಳ್ಳೆಯದೇ ಎಂಬ ಪ್ರಶ್ನೆಗೆ ಅಂದಿನ ರಸಾಯನಶಾಸ್ತ್ರವು ಎರಡು ನಾಲಗೆಗಳಲ್ಲಿ ಉತ್ತರಿಸಿತು. ೧೮೬೭ರಲ್ಲಿ ವಾಂಕ್ಲಿನ್, ಚಾಪ್‌ಮನ್, ಸ್ಮಿತ್ ಎಂಬ ಮೂವರು ನೀರನ್ನು ಕ್ಷಾರೀಯ ಪರ್ಮ್ಯಾಂಗನೇಟಿನೊಡನೆ ಬಟ್ಟಿಯಿಳಿಸಿ, ಹೊರಬಂದ ಅಮೋನಿಯಾವನ್ನು ಅಳೆದು, ಅದರಿಂದ ಪ್ರಾಣಿಜನ್ಯ ಕೊಳೆಯನ್ನು ಊಹಿಸುವ ವಿಧಾನವನ್ನು ಮುಂದಿಟ್ಟರು. ಅಮೋನಿಯಾವನ್ನು ತೋರಿಸಿಕೊಡುವುದು ಜರ್ಮನಿಯ ಯೂಲಿಯುಸ್ ನೆಸ್ಲರನು ೧೮೫೬ರಲ್ಲಿ ಕಂಡುಹಿಡಿದಿದ್ದ ದ್ರಾವಣ. ಅಮೋನಿಯಾ ತಗುಲಿದೊಡನೆ ಅದು ಅರಿಸಿನದಿಂದ ಕಂದಿಗೆ ತಿರುಗುತ್ತದೆ. ಆ ದ್ರಾವಣದ ಸತ್ವ ಪಾದರಸ. ಓದುಗರು ಇದನ್ನು ನೆನಪಿನಲ್ಲಿಡಬೇಕು. ಪಾದರಸವು ನಮ್ಮ ಕಥೆಯಲ್ಲಿ ಮತ್ತೆ ಬರುತ್ತದೆ, ಒಮ್ಮೆ ಪರೀಕ್ಷಕನ ವೇಷದಲ್ಲಿ, ಒಮ್ಮೆ ಅಪರಾಧಿಯ ವೇಷದಲ್ಲಿ.

ಮರುವರ್ಷವೇ ಎಡ್ವರ್ಡ್ ಫ್ರಾಂಕ್‌ಲಂಡನು ತನ್ನ ಬೇರೊಂದು ವಿಧಾನವನ್ನು ಪ್ರಕಟಿಸಿದನು. ನೀರನ್ನು ಬತ್ತಿಸಿ, ಉಳಿದದ್ದನ್ನು ನಿರ್ವಾತದಲ್ಲಿ ಸುಟ್ಟು, ಹೊರಟ ಅನಿಲಗಳಿಂದ ಇಂಗಾಲವನ್ನೂ ಸಾರಜನಕವನ್ನೂ ನೇರವಾಗಿ ಅಳೆಯುವುದು ಅವನ ಕ್ರಮ. ಅದಕ್ಕೆ ದಿನಗಟ್ಟಲೆ ಹೊತ್ತು ಬೇಕು, ಪಳಗಿದ ಕೈ ಬೇಕು. ವಾಂಕ್ಲಿನನ ವಿಧಾನವನ್ನೋ ಯಾವ ಊರಿನ ಆರೋಗ್ಯಾಧಿಕಾರಿಯೂ ಅರ್ಧ ದಿನದಲ್ಲಿ ಮುಗಿಸಬಹುದಾಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಕಟುವಾಗಿ ಖಂಡಿಸಿದರು. ಒಂದೇ ನೀರಿಗೆ ಒಬ್ಬನ ಪರೀಕ್ಷೆ ಒಳ್ಳೆಯದೆಂದರೆ ಇನ್ನೊಬ್ಬನದು ಕೆಟ್ಟದ್ದೆನ್ನುವ ಸಂದರ್ಭಗಳಿದ್ದುವು. ಫ್ರಾಂಕ್‌ಲಂಡನ ಇನ್ನೊಂದು ಕಲ್ಪನೆಯು ಇಲ್ಲಿ ಉಲ್ಲೇಖಾರ್ಹ. ಕೊಳೆಯು ಕಾಲಕ್ರಮದಲ್ಲಿ ನೈಟ್ರೇಟ್ ಆಗಿ ಮಾರ್ಪಡುತ್ತದೆ. ಆದುದರಿಂದ ಇಂದು ತಿಳಿಯಾಗಿ ಕಾಣುವ ನೀರಿನಲ್ಲಿಯೂ ನೈಟ್ರೇಟು ಹೆಚ್ಚಾಗಿದ್ದರೆ ಅದು ಹಿಂದೊಮ್ಮೆ ಚರಂಡಿಯನ್ನು ಕಂಡ ನೀರೆಂದು ತಿಳಿಯಬೇಕು ಎಂದು ಅವನು ವಾದಿಸಿ, ಅದಕ್ಕೆ ‘ಪೂರ್ವಮಾಲಿನ್ಯ’ ಎಂಬ ಅರ್ಥದ ಹೆಸರಿಟ್ಟು ಲೆಕ್ಕ ಹಾಕಿದನು. ನೀರಿನ ಕಂಪೆನಿಗಳಿಗೆ ಇದು ಬಲು ಕೋಪ ತಂದಿತು. ಹಿಂದಿನ ಸಾಲವನ್ನು ತೀರಿಸಿದ ಮೇಲೂ ಅದನ್ನು ಎತ್ತಿ ಆಡುವ ಸಾಹುಕಾರನಂತೆ ಅವನು ಅವರಿಗೆ ಕಂಡಿರಬೇಕು. ವಿಧಾನದ ಶುದ್ಧಿಯಲ್ಲಿ ಫ್ರಾಂಕ್‌ಲಂಡನೇ ಮೇಲೆಂದು ನನ್ನ ಎಣಿಕೆ. ಬಳಕೆಯಲ್ಲಿ ಗೆದ್ದವನು ವಾಂಕ್ಲಿನ್. ಅಗ್ಗವೂ ಶೀಘ್ರವೂ ಆದ ಪರೀಕ್ಷೆಯು ಸರಿಯಾದ ಪರೀಕ್ಷೆಯನ್ನು ಹಿಂದೆ ಹಾಕುವುದು ಈ ಚರಿತ್ರೆಯಲ್ಲಿ ಇದೊಂದೇ ಸಲವಲ್ಲ.

ಈಗ ಸಮ್ಮತಿಪತ್ರದ ಬಿ.ಓ.ಡಿ.ಗೆ ಬರೋಣ. ೧೮೮೮ರಲ್ಲಿ ಬುಡಾಪೆಸ್ಟಿನ ಲಾಯೋಷ್ ವಿಂಕ್ಲರ್ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ಬಗೆಯನ್ನು ಕಂಡನು. ಸೀಸೆ ತುಂಬ ನೀರು ಹಿಡಿದು ಮ್ಯಾಂಗನೀಸಿನ ಲವಣವನ್ನೂ ಕ್ಷಾರವನ್ನೂ ಹಾಕಿದರೆ ತಳದಲ್ಲಿ ಗಸಿ ಕೂರುತ್ತದೆ. ನೀರಿನಲ್ಲಿ ಆಮ್ಲಜನಕವಿದ್ದರೆ ಗಸಿಯು ಕಂದು. ಇಲ್ಲದಿದ್ದರೆ ಬೆಳ್ಳಗೆ ಉಳಿಯುತ್ತದೆ. ಆಮೇಲೆ ಆಮ್ಲ ಹಾಕಿ ಅಯೊಡೀನನ್ನು ಬಿಡಿಸಿ, ಗಂಜಿಯ ನೀಲಿ ಬಣ್ಣ ಮಾಯವಾಗುವವರೆಗೆ ಥಯೋಸಲ್ಫೇಟನ್ನು ತೊಟ್ಟಿಕ್ಕಿಸಿ ಲೆಕ್ಕ ಹಾಕುತ್ತಾರೆ. ಬಿಳಿಯ ಗಸಿಯೆಂದರೆ ಮೀನು ಬದುಕದ ನೀರು. ಈ ಒಂದು ನೋಟವನ್ನು ಅರ್ಥಮಾಡಿಕೊಳ್ಳಲು ಪದವಿಯ ಅಗತ್ಯವಿಲ್ಲ. ವಿಂಕ್ಲರನ ಪರೀಕ್ಷೆಯು ನೂರಮೂವತ್ತು ವರ್ಷ ದಾಟಿಯೂ ಬಳಕೆಯಲ್ಲಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

೧೮೯೮ರಲ್ಲಿ ನೇಮಕವಾದ ಬ್ರಿಟನ್ನಿನ ಚರಂಡಿ ವಿಲೇವಾರಿಯ ರಾಯಲ್ ಕಮಿಷನ್ನು ೧೯೧೨ರ ತನ್ನ ಎಂಟನೆಯ ವರದಿಯಲ್ಲಿ ಹೀಗೆ ಗೊತ್ತುಮಾಡಿತು: ನದಿಗೆ ಬಿಡುವ ನೀರನ್ನು ೬೫ ಡಿಗ್ರಿ ಫಾರನ್‌ಹೀಟ್ ಶಾಖದಲ್ಲಿ ಐದು ದಿನ ಮುಚ್ಚಿಟ್ಟರೆ ಅದು ನುಂಗುವ ಆಮ್ಲಜನಕವು ಹತ್ತು ಲಕ್ಷ ಭಾಗಕ್ಕೆ ೨೦ ಭಾಗವನ್ನು ಮೀರಕೂಡದು, ತೇಲುವ ಕಣಗಳು ೩೦ ಭಾಗವನ್ನು ಮೀರಕೂಡದು. ನದಿಯ ನೀರು ಕನಿಷ್ಠ ಎಂಟು ಪಾಲು ಬೆರೆಯುವುದೆಂಬ ಎಣಿಕೆ ಇದರ ಹಿಂದಿದ್ದಿತು. ಐದೇ ದಿನವೇಕೆ? ಬ್ರಿಟನ್ನಿನ ನದಿಗಳು ಕಡಲು ಸೇರಲು ಹಿಡಿಯುವ ಕಾಲವು ಅದಕ್ಕಿಂತ ಹೆಚ್ಚಿಲ್ಲವೆಂದು ರೂಢಿಯಲ್ಲಿ ಸಮಾಧಾನ ಹೇಳುತ್ತಾರೆ. ೬೫ ಡಿಗ್ರಿ ಅಲ್ಲಿನ ಬೇಸಗೆಯ ನೀರಿನ ಶಾಖ. ಹೀಗೆ ಒಂದು ದ್ವೀಪದ ಭೂಗೋಳವೂ ಹವೆಯೂ ಒಂದು ಸೀಸೆಯೊಳಗೆ ಸೇರಿ ಜಗತ್ತಿನ ಅಳತೆಗೋಲಾದುವು. ನಮ್ಮ ನದಿಗಳಿಗೆ ಇದು ಹೊಂದದು. ಬಿಸಿ ಹೆಚ್ಚಾದಂತೆ ಸೂಕ್ಷ್ಮಜೀವಿಗಳ ಉಣಿಸು ವೇಗಗೊಳ್ಳುತ್ತದೆ. ಮೇಲಾಗಿ ಬಿಸಿನೀರು ಕಡಿಮೆ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಡೆಗೆ ಭಾರತೀಯ ಮಾನಕವು ಐದು ದಿನಗಳ ಬದಲಿಗೆ ಮೂರು ದಿನ, ೨೦ ಡಿಗ್ರಿ ಸೆಲ್ಸಿಯಸ್ಸಿನ ಬದಲಿಗೆ ೨೭ ಡಿಗ್ರಿ ಎಂಬ ಕ್ರಮವನ್ನು ೧೯೯೩ರಲ್ಲಿ ಬರೆಯಿತು. ಸಮ್ಮತಿಪತ್ರದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಕಾಣುವ ‘೩ ದಿನ, ೨೭ ಡಿಗ್ರಿ’ ಎಂಬ ಟಿಪ್ಪಣಿಗೆ ಇಷ್ಟು ಕಥೆಯಿದೆ.

ಈ ವಿದ್ಯೆಯು ಕನ್ನಡನಾಡಿಗೆ ಬಂದ ದಾರಿಯು ನಮ್ಮವರಿಗೆ ಹೆಚ್ಚಾಗಿ ತಿಳಿದಂತಿಲ್ಲ. ಮ್ಯಾಂಚೆಸ್ಟರಿನ ಚರಂಡಿ ಶುದ್ಧೀಕರಣದ ಕೆಲಸದಲ್ಲಿ ನುರಿತ ಗಿಲ್ಬರ್ಟ್ ಫೌಲರ್ ಎಂಬ ರಸಾಯನಶಾಸ್ತ್ರಜ್ಞನು ೧೯೦೨ರಲ್ಲಿಯೇ ಚರಂಡಿನೀರಿನ ಪರೀಕ್ಷಾವಿಧಾನಗಳ ಕೈಪಿಡಿಯೊಂದನ್ನು ಬರೆದಿದ್ದನು. ಅಮೆರಿಕದ ಲಾರೆನ್ಸ್ ಪ್ರಯೋಗಕೇಂದ್ರದಲ್ಲಿ ಗಾಳಿಯೂದಿ ಚರಂಡಿನೀರನ್ನು ಶೋಧಿಸುವ ಪ್ರಯೋಗವನ್ನು ಕಂಡು ಬಂದು ಅವನು ತನ್ನ ಊರಿನಲ್ಲಿ ನೀಡಿದ ಪ್ರೇರಣೆಯಿಂದ ಆರ್ಡೆರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ೧೯೧೪ರಲ್ಲಿ ‘ಚೇತನಗೊಳಿಸಿದ ಕೆಸರಿ’ನ ವಿಧಾನವನ್ನು ಪ್ರಕಟಿಸಿದರು. ಇಂದು ಪ್ರಪಂಚದ ನಗರಗಳ ಚರಂಡಿನೀರು ಶುದ್ಧವಾಗುವುದು ಬಹುಮಟ್ಟಿಗೆ ಈ ವಿಧಾನದಿಂದ. ಅದರ ಎರಡೇ ವರ್ಷದ ಮೇಲೆ, ೧೯೧೬ರಲ್ಲಿ, ಫೌಲರನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕನಾಗಿ ಬಂದನು. ೧೯೨೧ರಲ್ಲಿ ಅಲ್ಲಿ ಜೀವರಸಾಯನ ವಿಭಾಗವು ಅವನ ಮುಂದಾಳ್ತನದಲ್ಲಿ ಏರ್ಪಟ್ಟಿತು. ಮುಂದೆ ಅದೇ ವಿಭಾಗಕ್ಕೆ ಮುಖ್ಯಸ್ಥರಾದ ವಿ. ಸುಬ್ರಹ್ಮಣ್ಯನ್ ಅವರು ೧೯೫೦ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮೊದಲ ನಿರ್ದೇಶಕರಾದರು. ಮೈಸೂರು ಸಂಶೋಧನಾಲಯವೆಂದರೆ ನಮ್ಮ ನೆನಪಿಗೆ ಮಕ್ಕಳ ಆಹಾರ ಬರುತ್ತದೆ; ಅದರ ವಂಶಾವಳಿಯಲ್ಲಿ ಮ್ಯಾಂಚೆಸ್ಟರಿನ ಚರಂಡಿಯೂ ಇದೆಯೆಂದರೆ ಯಾರೂ ಮೂಗು ಮುರಿಯಬೇಕಾಗಿಲ್ಲ.

ಬಿ.ಓ.ಡಿ. ಪರೀಕ್ಷೆಗೆ ದಿನಗಳು ಬೇಕು. ಕಾರ್ಖಾನೆಯ ವಿಷವಸ್ತುಗಳಿದ್ದರೆ ಸೀಸೆಯೊಳಗಿನ ಸೂಕ್ಷ್ಮಜೀವಿಗಳೇ ಸತ್ತು, ಕೊಳೆ ಇದ್ದೂ ಇಲ್ಲವೆಂದು ತೋರಬಹುದು. ಇದನ್ನು ತಪ್ಪಿಸಲು ಬಂದದ್ದು ಸಿ.ಓ.ಡಿ.: ಪ್ರಬಲವಾದ ಗಂಧಕಾಮ್ಲದಲ್ಲಿ ಪೊಟ್ಯಾಸಿಯಂ ಡೈಕ್ರೊಮೇಟಿನೊಡನೆ ನೀರನ್ನು ಎರಡು ಗಂಟೆ ಕುದಿಸಿ, ಜೀವಿಗಳ ಹಂಗಿಲ್ಲದೆ ಕೊಳೆಯನ್ನು ಸುಡುವುದು. ಒಳನಾಡಿನ ಹೊಳೆಗೆ ಇದು ಚೆನ್ನಾಗಿ ಒಪ್ಪುತ್ತದೆ. ಬೇಲಾಪುರದ ಖಾಡಿಯಲ್ಲಿ ತೊಡಕು ಶುರುವಾಗುತ್ತದೆ. ಡೈಕ್ರೊಮೇಟಿಗೆ ಕೊಳೆಗೂ ಉಪ್ಪಿಗೂ ಭೇದ ತಿಳಿಯದು. ಉಪ್ಪಿನ ಕ್ಲೋರೈಡನ್ನೂ ಅದು ಸುಡುತ್ತದೆ. ಲೀಟರು ಸಮುದ್ರದ ನೀರಿನಲ್ಲಿ ಸುಮಾರು ೧೯,೦೦೦ ಮಿಲಿಗ್ರಾಂ ಕ್ಲೋರೈಡ್ ಇದೆ. ಒಂದು ಮಿಲಿಗ್ರಾಂ ಕ್ಲೋರೈಡು ೦.೨೨೬ ಮಿಲಿಗ್ರಾಂ ಆಮ್ಲಜನಕದಷ್ಟು ಲೆಕ್ಕ ಕೊಡುತ್ತದೆ. ಗುಣಿಸಿ ನೋಡಿದರೆ, ಕೊಳೆಯ ಲೇಶವೂ ಇಲ್ಲದ ಕಡಲ ನೀರು ಸಿ.ಓ.ಡಿ. ಪರೀಕ್ಷೆಯಲ್ಲಿ ೪,೩೦೦ಕ್ಕೆ ಸಮೀಪದ ಅಂಕಿಯನ್ನು ತೋರಿಸಬಲ್ಲುದು. ಕಾರ್ಖಾನೆಗಳ ತ್ಯಾಜ್ಯಕ್ಕೆ ಕಾನೂನು ಇಟ್ಟಿರುವ ಸಾಮಾನ್ಯ ಮಿತಿ ೨೫೦. ಭರತದ ಹೊತ್ತಿನಲ್ಲಿ ತುಂಬಿದ ಸೀಸೆಯು ಇಳಿತದ ಹೊತ್ತಿನ ಸೀಸೆಗಿಂತ ಹೆಚ್ಚು ಅಪರಾಧಿಯಾಗಿ ಕಾಣುವ ವಿಪರೀತವು ಹೀಗೆ ಸಂಭವಿಸುತ್ತದೆ.

ಇದಕ್ಕೆ ೧೯೬೩ರಲ್ಲಿ ಡಾಬ್ಸ್ ಮತ್ತು ವಿಲಿಯಮ್ಸ್ ಎಂಬವರು ಪರಿಹಾರ ಸೂಚಿಸಿದರು: ಕುದಿಸುವ ಮುನ್ನ ಪಾದರಸದ ಸಲ್ಫೇಟನ್ನು ಹಾಕಿದರೆ ಪಾದರಸವು ಕ್ಲೋರೈಡನ್ನು ಬಿಗಿಯಾಗಿ ಹಿಡಿದುಕೊಂಡು ಸುಡದಂತೆ ಕಾಪಾಡುತ್ತದೆ. ಈ ಕಾವಲು ಕೂಡ ರೂಢಿಯ ಪ್ರಮಾಣದಲ್ಲಿ ಲೀಟರಿಗೆ ೨,೦೦೦ ಮಿಲಿಗ್ರಾಂ ಕ್ಲೋರೈಡಿನ ತನಕ ಮಾತ್ರ ನಂಬತಕ್ಕದ್ದು. ಖಾಡಿಯ ಮಾಲಿನ್ಯವನ್ನು ಅಳೆಯುವ ಪ್ರಯೋಗಶಾಲೆಯು ಪ್ರತಿಯೊಂದು ಅಳತೆಗೂ ಪಾದರಸ, ಕ್ರೋಮಿಯಂ, ಬೆಳ್ಳಿಗಳಿಂದ ಕೂಡಿದ ಆಮ್ಲವನ್ನು ತಾನೇ ತ್ಯಾಜ್ಯವಾಗಿ ಹುಟ್ಟಿಸುತ್ತದೆ. ಅದನ್ನು ಕೊಚ್ಚೆಯ ತೂಬಿಗೆ ಸುರಿಯದೆ ಬೇರೆ ಇಡಬೇಕೆಂಬ ನಿಯಮವಿದೆ. ಪರೀಕ್ಷಕನೂ ಪರೀಕ್ಷೆಗೆ ಒಳಗಾಗಬೇಕಾದ ಸ್ಥಿತಿಯಿದು.

ಪಾದರಸವು ಅಪರಾಧಿಯಾಗಿ ಬಂದ ಬಗೆಯನ್ನು ಈಗ ಹೇಳಬೇಕು. ಉಪ್ಪುನೀರಿಗೆ ವಿದ್ಯುತ್ತನ್ನು ಹಾಯಿಸಿ ಕಾಸ್ಟಿಕ್ ಸೋಡ ಮತ್ತು ಕ್ಲೋರೀನುಗಳನ್ನು ತಯಾರಿಸುವ ಹಳೆಯ ಕ್ರಮದಲ್ಲಿ ಪಾದರಸವೇ ಹರಿಯುವ ಋಣಧ್ರುವವಾಗಿರುತ್ತಿತ್ತು. ರೇಯಾನ್ ನೂಲಿಗೆ ಕಾಸ್ಟಿಕ್ ಸೋಡ ಬೇಕೇ ಬೇಕು. ಕಲ್ಯಾಣದ ಬಳಿ ಶಹಾಡ, ಅಂಬಿವಲಿಗಳಲ್ಲಿ ರೇಯಾನ್ ಉದ್ಯಮ ನೆಲೆಸಿದ್ದುದು ಇಲ್ಲಿಯ ಹಳೆಯ ನಿವಾಸಿಗಳಿಗೆ ತಿಳಿದೇ ಇದೆ. ೧೯೫೬ರಲ್ಲಿ ಜಪಾನಿನ ಮಿನಮಾಟದಲ್ಲಿ ಕಾಣಿಸಿಕೊಂಡ ರೋಗಕ್ಕೆ ಮೀನಿನ ಮೂಲಕ ದೇಹ ಸೇರಿದ ಪಾದರಸವೇ ಕಾರಣವೆಂದು ಅಲ್ಲಿನ ಸರಕಾರ ಒಪ್ಪಿದ್ದು ೧೯೬೮ರಲ್ಲಿ. ಅದೇ ೧೯೬೮ರಲ್ಲಿ ಹ್ಯಾಚ್ ಮತ್ತು ಆಟ್ ಎಂಬ ಇಬ್ಬರು ಪಾದರಸವನ್ನು ಅತ್ಯಲ್ಪ ಪ್ರಮಾಣದಲ್ಲಿ ಹಿಡಿಯುವ ‘ತಣ್ಣನೆಯ ಆವಿ’ಯ ವಿಧಾನವನ್ನು ಪ್ರಕಟಿಸಿದರು. ಇದರ ತಳಹದಿಯು ಆಸ್ಟ್ರೇಲಿಯದ ಅಲನ್ ವಾಲ್ಷ್ ೧೯೫೫ರಲ್ಲಿ ಪ್ರತಿಪಾದಿಸಿದ ಪರಮಾಣು ಹೀರಿಕೆಯ ತತ್ತ್ವ: ಪ್ರತಿಯೊಂದು ಧಾತುವಿನ ಆವಿಯೂ ತನಗೆ ಸಲ್ಲುವ ಬೆಳಕನ್ನು ಮಾತ್ರ ಹೀರುತ್ತದೆ. ನೀರಿಗೆ ತವರದ ಕ್ಲೋರೈಡನ್ನು ಹಾಕಿದರೆ ಕರಗಿದ ಪಾದರಸವು ಲೋಹವಾಗಿ ಬಿಡುಗಡೆ ಹೊಂದುತ್ತದೆ, ಗಾಳಿಯ ಗುಳ್ಳೆಗಳು ಅದರ ಆವಿಯನ್ನು ಗಾಜಿನ ಕೊಳವೆಗೆ ಒಯ್ಯುತ್ತವೆ, ಅಲ್ಲಿ ೨೫೩.೭ ನ್ಯಾನೊಮೀಟರಿನ ಬೆಳಕು ಎಷ್ಟು ಕುಗ್ಗಿತೆಂಬುದೇ ಅಳತೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿಯಾದ ಲೀಟರಿಗೆ ೦.೦೦೧ ಮಿಲಿಗ್ರಾಂ ಪಾದರಸವನ್ನು ಕೈಗೆಟುಕುವಂತೆ ಮಾಡಿದ್ದು ಈ ವಿಧಾನ. ಆದರೆ ಸೀಸೆ ತುಂಬಿದೊಡನೆ ನೈಟ್ರಿಕ್ ಆಮ್ಲ ಹಾಕದಿದ್ದರೆ ಪಾದರಸವು ಸೀಸೆಯ ಗೋಡೆಗೇ ಅಂಟಿಕೊಂಡುಬಿಡುತ್ತದೆ. ಪ್ರಯೋಗಶಾಲೆಗೆ ಬಂದ ನೀರು ಆಗ ನಿರ್ದೋಷಿ.

೧೯೭೦ರ ದಶಕದ ಕೊನೆಯ ಹೊತ್ತಿಗೆ ಮುಂಬಯಿಯ ವಿಜ್ಞಾನ ಸಂಸ್ಥೆಯ ರಸಾಯನಜ್ಞರು ಅಂಬಿವಲಿಯ ಬಳಿ ಕಾಳು ನದಿಯಲ್ಲಿ ಪಾದರಸ ಮೊದಲಾದ ಲೋಹಗಳನ್ನು ಕಂಡರು. ದಡದ ಹಸುರನ್ನು ದನಗಳು ಮೇಯುತ್ತಿದ್ದುವು, ಹಳ್ಳಿಯವರು ಅದೇ ನದಿಯ ಮೀನನ್ನು ತಿನ್ನುತ್ತಿದ್ದರು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ೧೯೮೨ರಲ್ಲಿ ಹೊರತಂದ ನಾಗರಿಕ ವರದಿಯಿಂದ ಈ ಸಂಗತಿಯು ದೇಶಕ್ಕೆ ತಿಳಿಯಿತು. ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಝಿಂಗ್ಡೆ ಮತ್ತು ದೇಸಾಯಿ ಅವರು ೧೯೮೧ರಲ್ಲಿ ಪ್ರಕಟಿಸಿದ ಪ್ರಬಂಧವಂತೂ ಠಾಣೆ ಖಾಡಿಯ ಪಾದರಸವನ್ನೇ ಕುರಿತದ್ದು. ಕಾರ್ಖಾನೆಗಳು ಬಂದು ಇಪ್ಪತ್ತು ವರ್ಷ ತುಂಬುವುದರೊಳಗೆ ಈ ದಡದ ನೀರಿನಿಂದ ಪಾದರಸದ ಲೆಕ್ಕ ಬರೆಯಬೇಕಾಯಿತು.

ಅಳೆದದ್ದು ಸಾಕ್ಷ್ಯವಾಗಬೇಕಾದರೆ ಕಾನೂನು ಬೇಕು. ಮಹಾರಾಷ್ಟ್ರವು ೧೯೬೯ರಲ್ಲಿಯೇ ಜಲಮಾಲಿನ್ಯ ನಿವಾರಣೆಯ ಸ್ವಂತ ಶಾಸನವನ್ನು ಮಾಡಿ, ೧೯೭೦ರಲ್ಲಿ ಮಂಡಳಿಯನ್ನು ನೇಮಿಸಿತು. ೧೯೭೪ರ ಕೇಂದ್ರ ಶಾಸನವನ್ನು ಬೇಕೆಂದು ಮೊದಲೇ ನಿರ್ಣಯಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದ. ತನ್ನದೇ ಶಾಸನವಿದ್ದ ಮಹಾರಾಷ್ಟ್ರವು ಅದನ್ನು ಅಂಗೀಕರಿಸಿದ್ದು ೧೯೮೧ರಲ್ಲಿ. ಆ ಶಾಸನದ ೨೧ನೆಯ ವಿಧಿಯು ಬ್ಯಾಂಕಿನವರಿಗೆ ಅತ್ಯಂತ ಪರಿಚಿತವಾಗಿ ಕಾಣುವಂಥದು. ಕಾರ್ಖಾನೆಯವನಿಗೆ ಅಲ್ಲಿಯೇ ನೋಟೀಸು ಕೊಡಬೇಕು. ಅವನ ಸಮಕ್ಷಮದಲ್ಲಿ ನೀರನ್ನು ಎರಡು ಪಾಲು ಮಾಡಬೇಕು. ಎರಡು ಸೀಸೆಗಳಿಗೂ ಅರಗು ಮೊಹರು ಮಾಡಿ ಇಬ್ಬರೂ ರುಜು ಹಾಕಬೇಕು. ಒಂದು ಸೀಸೆ ಮಂಡಳಿಯ ಪ್ರಯೋಗಶಾಲೆಗೆ, ಕಾರ್ಖಾನೆಯವನು ಕೇಳಿಕೊಂಡರೆ ಇನ್ನೊಂದು ರಾಜ್ಯ ಜಲ ಪ್ರಯೋಗಶಾಲೆಗೆ. ತಿಜೋರಿಯ ಎರಡು ಕೀಲಿಗಳನ್ನು ಇಬ್ಬರ ಬಳಿ ಇಡುವ ನಮ್ಮ ಪದ್ಧತಿಯದೇ ತಮ್ಮ ಇದು. ಈ ವಿಧಿಯಲ್ಲಿ ಒಂದು ಹೆಜ್ಜೆ ತಪ್ಪಿದರೂ ನ್ಯಾಯಾಲಯದಲ್ಲಿ ವರದಿಗೆ ಬೆಲೆಯಿಲ್ಲ. ನೀರು ಎಷ್ಟೇ ಕಪ್ಪಾಗಿರಲಿ. ಇಲ್ಲಿಯ ಮಂಡಳಿಯ ಕೇಂದ್ರ ಪ್ರಯೋಗಶಾಲೆಯು ಇದೇ ಕೈಗಾರಿಕಾ ಸಾಲಿನ ಮಹಾಪೆಯಲ್ಲಿದೆ. ೧೯೮೦ರ ದಶಕದಲ್ಲಿ ಹರಿಹರದ ಕೆಳಗೆ ತುಂಗಭದ್ರೆಯಲ್ಲಿ ಮೀನುಗಳು ಸತ್ತು ತೇಲಿದಾಗ, ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯವೂ ನದಿದಂಡೆಯ ಹಳ್ಳಿಗರೂ ಎದುರಿಸಿದ್ದು ಇದೇ ಪ್ರಶ್ನೆಯನ್ನು: ಮೀನು ಸತ್ತಿದೆ, ಎಲ್ಲರೂ ಕಂಡಿದ್ದಾರೆ, ಆದರೆ ಕಾಗದದ ಮೇಲೆ ಕೊಂದವರಾರು?

ಈ ಪ್ರಶ್ನೆಯು ಅತಿ ಕ್ರೂರವಾಗಿ ನಿಂತದ್ದು ಕಾಸರಗೋಡಿನಲ್ಲಿ. ಎಣ್ಮಕಜೆ ಪಂಚಾಯತಿಗೆ ಸೇರಿದ ಪಡ್ರೆಯ ಸುತ್ತಿನ ಗುಡ್ಡಗಳಲ್ಲಿ ಕೇರಳದ ತೋಟಗಾರಿಕೆ ನಿಗಮದ ಗೇರುತೋಟಗಳಿವೆ. ೧೯೭೦ರ ದಶಕದ ಉತ್ತರಾರ್ಧದಿಂದ ೨೦೦೦ದವರೆಗೆ ಇವುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸಿಂಪಡಿಸಿದರು. ಗುಡ್ಡದಿಂದ ಹರಿವ ತೊರೆಗಳೂ ಸುರಂಗಗಳೂ ಆ ಊರಿನ ಕುಡಿಯುವ ನೀರು. ಅಲ್ಲಿಯ ವೈದ್ಯ ಡಾ. ವೈ. ಎಸ್. ಮೋಹನಕುಮಾರ್ ಅವರು ಒಂದೇ ಊರಿನಲ್ಲಿ ಬುದ್ಧಿಮಾಂದ್ಯ, ಅಂಗವೈಕಲ್ಯ, ಅರ್ಬುದಗಳು ಅಸಾಧಾರಣವಾಗಿರುವುದನ್ನು ಗುರುತಿಸಿದರು. ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಹೊರಜಗತ್ತಿಗೆ ತಿಳಿಸಿದರು.

ಎಂಡೋಸಲ್ಫಾನನ್ನು ನೀರಿನಲ್ಲಿ ಕಾಣಲು ಬಣ್ಣ ಬದಲಾಯಿಸುವ ಯಾವ ಹಳೆಯ ದ್ರಾವಣವೂ ಸಾಲದು. ೧೯೫೨ರಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ರೂಪಿಸಿದ ಅನಿಲ ವರ್ಣಲೇಖನವು ಮಿಶ್ರಣದ ಘಟಕಗಳನ್ನು ಉದ್ದನೆಯ ಕೊಳವೆಯಲ್ಲಿ ಒಂದರ ಹಿಂದೊಂದಾಗಿ ಓಡಿಸಿ ಬೇರ್ಪಡಿಸುತ್ತದೆ. ಓಟದ ಕೊನೆಯಲ್ಲಿ ನಿಂತು ಎಣಿಸುವುದಕ್ಕೆ ಜೇಮ್ಸ್ ಲವ್‌ಲಾಕನು ೧೯೫೭ರ ಹೊತ್ತಿಗೆ ‘ಎಲೆಕ್ಟ್ರಾನ್ ಹಿಡಿಯುವ’ ಪತ್ತೇದಾರನನ್ನು ನಿರ್ಮಿಸಿದನು. ವಿಕಿರಣಶೀಲ ವಸ್ತುವಿನಿಂದ ಹೊರಟ ಎಲೆಕ್ಟ್ರಾನುಗಳ ಹೊನಲನ್ನು ಕ್ಲೋರೀನಿನಂಥ ಪರಮಾಣುಗಳು ಕಬಳಿಸುತ್ತವೆ. ಹೊನಲು ಕುಗ್ಗಿದೊಡನೆ ಕಾಗದದ ಮೇಲೆ ಶಿಖರ ಏಳುತ್ತದೆ. ಕೀಟನಾಶಕಗಳ ಕಣಗಳು ಭೂಮಂಡಲದ ಮೂಲೆಮೂಲೆಗಳಲ್ಲಿ ಕಂಡುಬಂದದ್ದು ಈ ಪುಟ್ಟ ಉಪಕರಣದಿಂದ. ಎಂಡೋಸಲ್ಫಾನಿನ ಅಣುವಿನಲ್ಲಿ ಆರು ಕ್ಲೋರೀನ್ ಪರಮಾಣುಗಳಿರುವುದರಿಂದ ಅದು ಈ ಪತ್ತೇದಾರನಿಗೆ ಅಡಗಲಾರದು. ಆದರೆ ಶಿಖರಕ್ಕೆ ಹೆಸರು ಬರೆದಿರುವುದಿಲ್ಲ. ಅದು ಎಷ್ಟು ಹೊತ್ತಿಗೆ ಎದ್ದಿತೆಂಬುದರಿಂದ ಹೆಸರನ್ನು ಊಹಿಸಬೇಕು. ಅದೇ ಹೊತ್ತಿಗೆ ಓಡಿ ಮುಗಿಸುವ ಬೇರೆ ವಸ್ತುವಿದ್ದರೆ? ಅಣುವಿನ ತೂಕವನ್ನೇ ಅಳೆಯುವ ಇನ್ನೊಂದು ಯಂತ್ರವನ್ನು ಜೊತೆಗಿಟ್ಟು ದೃಢಪಡಿಸುವುದು ಸುರಕ್ಷಿತ.

ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಪ್ರಯೋಗಶಾಲೆಯು ೨೦೦೧ರ ಫೆಬ್ರವರಿಯಲ್ಲಿ, ಪಡ್ರೆಯ ನೀರು, ಮಣ್ಣು, ರಕ್ತ, ತಾಯಿಯ ಹಾಲುಗಳಲ್ಲಿ ಎಂಡೋಸಲ್ಫಾನ್ ಇರುವುದೆಂದು ಪ್ರಕಟಿಸಿತು. ನಿಗಮವು ತಾನೇ ನಿಯೋಜಿಸಿದ ಮತ್ತೊಂದು ಪ್ರಯೋಗಶಾಲೆಯ ವರದಿಯು ಇದಕ್ಕೆ ಹೊಂದಲಿಲ್ಲ. ಲಂಡನ್ನಿನ ೧೮೬೭ರ ಜಗಳವು ಪಡ್ರೆಯ ತೊರೆಯ ದಡಕ್ಕೆ ಬಂದು ನಿಂತಂತಾಯಿತು. ಒಂದು ಭೇದವೆಂದರೆ, ಇಲ್ಲಿ ಪಂಡಿತರು ವಾದಿಸುತ್ತಿದ್ದಾಗ ಮಕ್ಕಳು ಹಾಸಿಗೆಯಲ್ಲಿದ್ದರು. ಈ ವಾದದ ತಿರುಳಿನಲ್ಲಿ ಒಂದು ಪದಪ್ರಯೋಗವಿದೆ. ಪ್ರಯೋಗಶಾಲೆಯ ವರದಿಯಲ್ಲಿ ‘ಪತ್ತೆಯಾಗಲಿಲ್ಲ’ ಎಂದು ಬರೆದರೆ ಅದು ‘ಇಲ್ಲ’ ಎಂಬ ಅರ್ಥವಲ್ಲ. ನಮ್ಮ ಯಂತ್ರದ ಕಣ್ಣಿಗೆ ಎಟುಕುವ ಕನಿಷ್ಠ ಪ್ರಮಾಣಕ್ಕಿಂತ ಕಡಿಮೆ ಎಂಬ ಅರ್ಥ. ಯಂತ್ರವು ಮಂಜಾಗಿದ್ದರೆ ಎಲ್ಲ ನೀರೂ ಶುದ್ಧ. ಆ ಕನಿಷ್ಠವೆಷ್ಟೆಂದು ಹೇಳದ ವರದಿಯನ್ನು, ಮುಕ್ತಾಯದ ಶಿಲ್ಕು ಬರೆಯದ ಖಾತೆಯಂತೆ, ಒಪ್ಪಿಕೊಳ್ಳತಕ್ಕದ್ದಲ್ಲ.

ಅಹಮದಾಬಾದಿನ ರಾಷ್ಟ್ರೀಯ ವೃತ್ತಿಸ್ವಾಸ್ಥ್ಯ ಸಂಸ್ಥೆಯವರು ಮಾಡಿದ ಕೆಲಸದಲ್ಲಿ ಈ ತಿಳಿವಳಿಕೆ ಎದ್ದು ಕಾಣುತ್ತದೆ. ಅವರು ಪಡ್ರೆಯ ನೀರೊಂದನ್ನೇ ನೆಚ್ಚಲಿಲ್ಲ; ಸಿಂಪಡಣೆಯಿಲ್ಲದ ಬೇರೊಂದು ಊರನ್ನು ಹೋಲಿಕೆಗೆ ಆರಿಸಿಕೊಂಡರು. ಪಡ್ರೆಯ ೧೧೭ ಹುಡುಗರನ್ನೂ ಹೋಲಿಕೆಯ ಊರಿನ ೯೦ ಹುಡುಗರನ್ನೂ ಪರೀಕ್ಷಿಸಿ ೨೦೦೩ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಸಿಂಪಡಣೆ ನಿಂತು ತಿಂಗಳುಗಳು ಕಳೆದ ಮೇಲೆಯೂ ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನಿನ ಅಂಶವು ಗಮನಾರ್ಹವಾಗಿ ಹೆಚ್ಚಿರುವುದನ್ನೂ ಅವರ ಪ್ರಾಯದ ಬೆಳವಣಿಗೆ ತಡವಾಗಿರುವುದನ್ನೂ ತೋರಿಸಿದರು. ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಲೂ ಇದೇ ಸಂಕಟವಿದ್ದಿತು. ೨೦೧೧ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದುವು. ಮೇ ೧೩ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ಅದರ ತಯಾರಿಕೆ ಮಾರಾಟಗಳನ್ನು ತಡೆಯಿತು. ಮೊದಲ ಸಿಂಪಡಣೆಯಿಂದ ಇಲ್ಲಿಗೆ ಮೂವತ್ತಕ್ಕೂ ಹೆಚ್ಚು ವರ್ಷಗಳು.

ನಮ್ಮ ದಡಕ್ಕೆ ಮರಳಿದರೆ, ಇತ್ತೀಚಿನ ವರ್ಷಗಳಲ್ಲಿ ಸಮಸ್ಯೆಯು ಪರೀಕ್ಷೆಯದಕ್ಕಿಂತ ಹೆಚ್ಚಾಗಿ ಹೊತ್ತಿನದು. ೨೦೧೪ರ ನವೆಂಬರಿನಲ್ಲಿ ವಾಲಧುನಿ ನದಿಗೆ ಯಾರೋ ರಾಸಾಯನಿಕವನ್ನು ಸುರಿದು, ಎದ್ದ ವಿಷವಾಯುವಿನಿಂದ ಉಲ್ಹಾಸನಗರದ ಕಡೆಯ ನೂರಾರು ಜನ ಅಸ್ವಸ್ಥರಾದರು. ೨೦೧೭ರಲ್ಲಿ ತಳೋಜೆಯ ಬೀದಿನಾಯಿಗಳು ಬಣ್ಣದ ಕಾರ್ಖಾನೆಯೊಂದರ ತ್ಯಾಜ್ಯದಿಂದ ನೀಲಿಯಾಗಿ ತಿರುಗಾಡಿದ ಚಿತ್ರವನ್ನು ಲೋಕವೇ ಕಂಡಿತು. ಹಗಲಿನ ಕಚೇರಿಯ ವೇಳೆಯಲ್ಲಿ ತುಂಬಿದ ಸೀಸೆಗೆ ಇರುಳಿನ ಟ್ಯಾಂಕರು ತಿಳಿಯದು. ಕೇಂದ್ರ ಮಂಡಳಿಯು ೨೦೧೪ರಲ್ಲಿ ಹೆಚ್ಚು ಮಾಲಿನ್ಯಕಾರಿಯಾದ ೧೭ ಬಗೆಯ ಉದ್ಯಮಗಳೂ ಸಾಮೂಹಿಕ ಶುದ್ಧೀಕರಣ ಘಟಕಗಳೂ ಎಡೆಬಿಡದೆ ಅಳೆಯುವ ಯಂತ್ರಗಳನ್ನು ಕೊಳವೆಯ ಬಾಯಲ್ಲಿಯೇ ಇಡಬೇಕೆಂದು ಆಜ್ಞಾಪಿಸಿದ್ದು ಇದಕ್ಕಾಗಿ. ಇವುಗಳಲ್ಲಿ ಹಲವು ಯಂತ್ರಗಳು ಕೊಳೆಯನ್ನು ಸುಡುವುದಿಲ್ಲ. ೨೫೪ ನ್ಯಾನೊಮೀಟರಿನ ಕಾಣದ ಬೆಳಕು ನೀರನ್ನು ಹಾಯುವಾಗ ಎಷ್ಟು ಕುಗ್ಗಿತೆಂದು ನೋಡಿ ಸಿ.ಓ.ಡಿ.ಯನ್ನು ಅಂದಾಜು ಮಾಡುತ್ತವೆ. ಆ ಬೆಳಕನ್ನು ಬೀರುವ ದೀಪ ಬಹುತೇಕ ಪಾದರಸದ್ದೇ. ಬೆಳಕನ್ನು ಹೀರದ ಕೊಳೆಯು ಅವುಗಳ ಲೆಕ್ಕಕ್ಕೆ ಸಿಕ್ಕದು. ಅಗ್ಗವೂ ಶೀಘ್ರವೂ ಆದದ್ದು ಮತ್ತೆ ಮುಂದೆ ಬಂದಿದೆ. ಈ ಸಲ ಅದಕ್ಕೆ ಇರುಳಿನಲ್ಲಿಯೂ ಎಚ್ಚರವಿರುವ ಗುಣವಿದೆ, ಆದುದರಿಂದ ನಾನು ಅದನ್ನು ತೆಗಳಲಾರೆ.

ನೀರು ಹರಿದುಹೋಗುತ್ತದೆ, ಕೆಸರು ಉಳಿಯುತ್ತದೆ. ಖಾಡಿಯ ತಳಕ್ಕೆ ಕೊಳವೆಯನ್ನು ಊರಿ ಎತ್ತಿದ ಕೆಸರಿನ ಕಂಬವನ್ನು ಪದರಪದರವಾಗಿ ಕೊಯ್ದು ಅಳೆದರೆ, ಹಳೆಯ ದಿನವಹಿಯ ಹಾಳೆಗಳನ್ನು ತಿರುವಿದಂತೆ, ಯಾವ ಕಾಲದಲ್ಲಿ ಎಷ್ಟು ಬಂದು ಕೂತಿತೆಂಬುದು ಕಾಣುತ್ತದೆ. ಉಲ್ಹಾಸ ಅಳಿವೆಯ ಕೆಸರಿನ ಪಾದರಸವನ್ನು ಕುರಿತು ಝಿಂಗ್ಡೆಯವರೂ ಅವರ ಸಹೋದ್ಯೋಗಿಗಳೂ ೨೦೦೩ರಲ್ಲಿ ಪ್ರಬಂಧ ಪ್ರಕಟಿಸಿದರು. ಕಾಸ್ಟಿಕ್ ಸೋಡದ ತಯಾರಿಕೆಯು ಅಷ್ಟರಲ್ಲಿ ದೇಶದಾದ್ಯಂತ ಪಾದರಸವನ್ನು ಬಿಟ್ಟು ಪೊರೆಯ ಕೋಶಗಳ ಕಡೆಗೆ ತಿರುಗಿತ್ತು. ಪಾದರಸವನ್ನು ಕುರಿತ ಮಿನಮಾಟ ಒಪ್ಪಂದಕ್ಕೆ ಭಾರತವು ೨೦೧೮ರಲ್ಲಿ ಸ್ಥಿರೀಕರಣ ಕೊಟ್ಟಿತು. ಠಾಣೆ ಖಾಡಿಯು ೨೦೧೫ರಲ್ಲಿ ರಾಜಹಂಸಗಳ ಅಭಯಾರಣ್ಯವೆಂದೂ ೨೦೨೨ರಲ್ಲಿ ರಾಮ್ಸಾರ್ ಜೌಗುನೆಲವೆಂದೂ ಘೋಷಿತವಾಯಿತು. ಚಳಿಗಾಲಕ್ಕೆ ಬರುವ ಆ ಹಕ್ಕಿಗಳು ಇಳಿತದ ಹೊತ್ತಿಗೆ ಕೊಕ್ಕನ್ನು ತಲೆಕೆಳಗಾಗಿಸಿ ಸೋಸಿ ತಿನ್ನುವುದು ಇದೇ ಕೆಸರಿನ ಮೇಲ್ಪದರದಿಂದ.